ಓಡಿ, ಬಿಡಿ ಮತ್ತು ಒಂದು–ಸೊನ್ನೆ–ಒಂದು

ಹೆಬ್ಬಾಳ ಕೆಂಪಾಪುರದಲ್ಲಿ ‘ಪಿಜಿ’ ಎಂದರೆ ಏನೆಂದು ಯಾರೂ ಕೇಳುವುದಿಲ್ಲ. ಕಾಫಿ ಬೋರ್ಡ್ ಲೇಔಟಿನ ಒಳರಸ್ತೆಯಿಂದ ಸಿಂಧಿ ಕಾಲೇಜಿನ ಆಸುಪಾಸಿನವರೆಗೆ ಕರೆಂಟು ಕಂಬ, ಕಾಂಪೌಂಡು, ಗೇಟು ಎಲ್ಲ ಕಡೆ ಅದೇ ಬೋರ್ಡು: ಹುಡುಗರ ಪಿಜಿ, ಹುಡುಗಿಯರ ಪಿಜಿ, ಊಟ ಸಹಿತ. ಅಲ್ಲಿಂದ ಬಳ್ಳಾರಿ ರಸ್ತೆಗೆ ಬಂದು ದೊಡ್ಡ ಆಸ್ಪತ್ರೆಯೊಂದರ ವಾರ್ಡು ಹೊಕ್ಕರೆ ಅದೇ ಎರಡಕ್ಷರ ಬಿಳಿ ಕೋಟು ತೊಟ್ಟು ಓಡಾಡುತ್ತಿರುತ್ತದೆ. ‘ಪಿಜಿ ಬರ್ತಾರೆ, ನೋಡ್ತಾರೆ’ ಎಂದು ನರ್ಸ್ ಹೇಳಿದರೆ ಬರುವವರು ಸ್ನಾತಕೋತ್ತರ ಓದುತ್ತಿರುವ ಕಿರಿಯ ವೈದ್ಯರು. ಮನೆ ಕಟ್ಟಿಸುತ್ತಿರುವವರಿಗೆ ಟಿಎಂಟಿ ಎಂದರೆ ಕಬ್ಬಿಣದ ಕಂಬಿ. ಹೃದಯ ವಿಭಾಗದಲ್ಲಿ ಅದು ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಪರೀಕ್ಷೆ. ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಹೋಗುವವರಿಗೆ ಟಿಡಿಎಸ್ ಎಂದರೆ ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆ. ಔಷಧ ಚೀಟಿಯಲ್ಲಿ ದಿನಕ್ಕೆ ಮೂರು ಸಲ.

ಉತ್ತರ ಬೆಂಗಳೂರಿಗೆ ಇಂಥ ಅಕ್ಷರಗಳ ಗೊಂಚಲು ಹೊಸದೇನಲ್ಲ. ‘ಜಿಕೆವಿಕೆ’ ಎಂದು ಕಂಡಕ್ಟರ್ ಕೂಗಿದಾಗ ಇಳಿಯುವವರಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರವನ್ನು ನೆನೆಯುವವರು ಕಡಿಮೆ. ಅದು ಊರಿನ ಹೆಸರೇ ಆಗಿಹೋಗಿದೆ. ಅದರಿಂದ ಯಾರಿಗೂ ನಷ್ಟವಿಲ್ಲ, ತಪ್ಪು ಸ್ಟಾಪಿನಲ್ಲಿ ಇಳಿದರೆ ಹಿಂದಕ್ಕೆ ನಡೆದರಾಯಿತು. ಔಷಧ ಚೀಟಿಯ ಅಕ್ಷರಗಳು ಅಷ್ಟು ಸಾಧುವಲ್ಲ. ಬರೆದವರಿಗೂ ಓದುವವರಿಗೂ ಒಂದೇ ತರಬೇತಿ ಇರುವತನಕ ಅವು ಕೆಲಸ ಹಗುರ ಮಾಡುತ್ತವೆ. ಚೀಟಿ ಆಸ್ಪತ್ರೆಯ ಹೊಸ್ತಿಲು ದಾಟಿ ಮನೆಗೆ ಬಂದ ಮೇಲೆ ತೊಂದರೆ ಶುರು.

ಸಂಜೆಯ ಹೊತ್ತು ಮೆಡಿಕಲ್ ಸ್ಟೋರಿನ ಮುಂದೆ ನಿಂತರೆ ಇದು ಕಣ್ಣಿಗೆ ಬೀಳುತ್ತದೆ. ಅಂಗಡಿಯವರು ಚೀಟಿ ನೋಡಿ, ಪಟ್ಟಿಯಿಂದ ಬೇಕಾದಷ್ಟು ಮಾತ್ರೆ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಅದರ ಮೇಲೆ ಪೆನ್ನಿನಲ್ಲಿ 1–0–1 ಎಂದು ಗೀಚುತ್ತಾರೆ. ‘ಅಜ್ಜಿ, ಇದು ಬೆಳಗ್ಗೆ ಒಂದು ರಾತ್ರಿ ಒಂದು, ಊಟ ಆದ್ಮೇಲೆ. ಇದು ಮಾತ್ರ ತಿಂಡಿಗೆ ಮುಂಚೆ.’ ಅಜ್ಜಿ ತಲೆಯಾಡಿಸುತ್ತಾರೆ. ವೈದ್ಯರ ಲ್ಯಾಟಿನ್ನು ಕನ್ನಡವಾಗುವುದು ಹೆಚ್ಚಾಗಿ ಈ ಗಾಜಿನ ಕೌಂಟರಿನ ಮೇಲೆಯೇ.

ಹೌದು, ಲ್ಯಾಟಿನ್ನೇ. ಯುರೋಪಿನ ವೈದ್ಯರು ಶತಮಾನಗಳ ಕಾಲ ಆ ಭಾಷೆಯಲ್ಲಿ ಚೀಟಿ ಬರೆದರು. ಭಾಷೆ ಸತ್ತರೂ ಅದರ ಮೊದಲಕ್ಷರಗಳು ಉಳಿದವು. ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಅಂದರೆ ಎರಡು ಸಲ. ಎಚ್‌ಎಸ್ ಮಲಗುವ ಹೊತ್ತಿಗೆ, ಎಸಿ ಊಟಕ್ಕೆ ಮುಂಚೆ, ಪಿಸಿ ಊಟದ ನಂತರ. ಎಸ್‌ಒಎಸ್ ನೋಡಿ ಗಾಬರಿಯಾಗುವವರಿದ್ದಾರೆ, ಸಿನಿಮಾದಲ್ಲಿ ಮುಳುಗುವ ಹಡಗು ಕಳಿಸುವ ಸಂಕೇತ ಅದಲ್ಲವೇ! ಚೀಟಿಯಲ್ಲಿ ಅದರ ಅರ್ಥ ತೀರಾ ತಣ್ಣಗಿನದು: ಬೇಕಾದರೆ ಮಾತ್ರ ತೆಗೆದುಕೊಳ್ಳಿ. ಚೀಟಿಯ ಮೇಲ್ತುದಿಯಲ್ಲಿ ಆರ್ ಅಕ್ಷರದ ಕಾಲಿಗೆ ಗೀಟು ಎಳೆದಂಥ ಗುರುತೂ ‘ತೆಗೆದುಕೋ’ ಎಂಬ ಲ್ಯಾಟಿನ್ ಕ್ರಿಯಾಪದದ್ದು.

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದು, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಚೀಟಿ ಕನ್ನಡದಲ್ಲೇ ಇರಬೇಕೆಂದು ಕೇಳಿದ್ದರು. ನ್ಯಾಯವಾದ ಬೇಡಿಕೆಯೇ. ಆದರೆ ಲಿಪಿಯನ್ನಷ್ಟೇ ಬದಲಿಸಿದರೆ ಏನಾಗುತ್ತದೆಂದು ಮೇಲಿನ ಎರಡು ಪದಗಳನ್ನೇ ಇನ್ನೊಮ್ಮೆ ಓದಿ ನೋಡಬಹುದು. ಒಂದು ಮಾತ್ರೆಯ ಮುಂದೆ ‘ಓಡಿ’, ಇನ್ನೊಂದರ ಮುಂದೆ ‘ಬಿಡಿ’. ವಿಧೇಯ ರೋಗಿಯಾದರೆ ಒಂದಕ್ಕೆ ಓಡುತ್ತಾನೆ, ಇನ್ನೊಂದನ್ನು ಬಿಟ್ಟೇಬಿಡುತ್ತಾನೆ. ಕನ್ನಡದ ಚೀಟಿಯಲ್ಲಿ ‘ದಿನಕ್ಕೆ ಎರಡು ಸಲ, ಊಟವಾದ ಮೇಲೆ’ ಎಂದು ಇರಬೇಕು. ಔಷಧದ ಹೆಸರು ಮಾತ್ರ ಪ್ಯಾರಾಸಿಟಮಾಲ್ ಎಂದೇ ಇರಲಿ. ಅದಕ್ಕೆ ಸಂಸ್ಕೃತದಿಂದ ಹೊಸ ಹೆಸರು ಹೊಸೆಯುವ ಉತ್ಸಾಹ ಯಾರಿಗೂ ಬಾರದಿರಲಿ.

ಹೆಸರು ಮಾಡುವುದರಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ ಎನ್ನುವುದು ಬೇರೆ ಮಾತು. ಅನಕೃ, ತರಾಸು, ಪುತಿನ, ಬಿಎಂಶ್ರೀ: ಸಾಹಿತಿಗಳನ್ನು ನಾವು ಕರೆಯುವುದೇ ಸಂಕ್ಷೇಪದಲ್ಲಿ. ‘ಕೊರವಂಜಿ’ ಪತ್ರಿಕೆ ಹುಟ್ಟುಹಾಕಿದ ವೈದ್ಯ ಎಂ. ಶಿವರಾಂ ಓದುಗರಿಗೆ ‘ರಾಶಿ’ ಆಗಿದ್ದರು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಆರಂಭಿಸಿದಾಗಿನಿಂದಲೂ ವಿಜ್ಞಾನದ ಪದಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಕೆಲವು ನೆಲೆ ನಿಂತಿವೆ. ಉರಿಯೂತ, ರಕ್ತದೊತ್ತಡ ಎಂದರೆ ವಿವರಿಸಬೇಕಾಗಿಲ್ಲ. ಕೆಲವು ಪುಸ್ತಕದಲ್ಲೇ ಉಳಿದವು.

ಇನ್ನು ಅಪಾಯದ ಮಾತು. ಒಂದೇ ಸಂಕ್ಷೇಪಕ್ಕೆ ಎರಡು ಅರ್ಥ ಇರುವುದು ಮೊದಲ ತೊಡಕು. ಸಾಮಾನ್ಯ ಚೀಟಿಯಲ್ಲಿ ಓಡಿ ಎಂದರೆ ದಿನಕ್ಕೊಮ್ಮೆ, ಕಣ್ಣಿನ ವೈದ್ಯರ ಚೀಟಿಯಲ್ಲಿ ಬಲಗಣ್ಣು. ಎಂಎಸ್ ಒಬ್ಬರಿಗೆ ನರರೋಗ, ಇನ್ನೊಬ್ಬರಿಗೆ ಹೃದಯದ ಕವಾಟ ಕಿರಿದಾಗುವುದು, ಬಾಗಿಲ ಮೇಲಿನ ಫಲಕದಲ್ಲಿ ಶಸ್ತ್ರವೈದ್ಯರ ಪದವಿ. ಒಂದನ್ನು ಇನ್ನೊಂದಾಗಿ ಓದಿಬಿಡುವುದು ಎರಡನೆಯದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ 2004ರಲ್ಲಿ ‘ಇವನ್ನು ಬಳಸಲೇಬೇಡಿ’ ಎಂಬ ಪಟ್ಟಿಯನ್ನೇ ಹೊರಡಿಸಿತು. ಯೂನಿಟ್ಟಿಗೆ ಬರೆಯುವ ‘ಯು’ ಅಕ್ಷರ ಅದರಲ್ಲಿದೆ: ಅವಸರದಲ್ಲಿ ಬರೆದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. 5.0 ಎಂದು ಬರೆಯುವುದಕ್ಕೂ ಅಲ್ಲಿ ನಿಷೇಧ. ಚುಕ್ಕಿ ಮಾಸಿದರೆ 50. ಹಾಗೆಯೇ .5 ಎಂದು ಬರೆದ ಚುಕ್ಕಿ ಕಾಣದಿದ್ದರೆ 5. ಅದಕ್ಕೇ ಮುಂದೆ ಸೊನ್ನೆ ಹಾಕಿ 0.5 ಎನ್ನಬೇಕು. ಥೈರಾಯ್ಡ್ ಮಾತ್ರೆಯನ್ನು ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ. ಮೈಕ್ರೋ ಹೋಗಿ ಮಿಲಿ ಬಂದರೆ ಸಾವಿರ ಪಟ್ಟು ವ್ಯತ್ಯಾಸ.

ನಮ್ಮಲ್ಲಿ ಇದು ಮನೆಮನೆಯ ಪ್ರಶ್ನೆಯಾಗುವುದು ಇನ್ಸುಲಿನ್ ವಿಷಯದಲ್ಲಿ. ಭಾರತದಲ್ಲಿ ಸೀಸೆಯ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಚೀಟಿಯಲ್ಲಿ ‘20 ಯೂನಿಟ್’ ಎಂದಷ್ಟೇ ಇದೆ ಎನ್ನೋಣ. 100ರ ಸೀಸೆಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದದ್ದು ಅರ್ಧ ಮಿಲಿಲೀಟರು, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ಸಕ್ಕರೆ ಮಟ್ಟ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಅದಲುಬದಲಾದರೆ ಔಷಧ ಸಾಲದೇ ಬರುತ್ತದೆ. ಸೀಸೆ ಕೊಳ್ಳುವಾಗ ಅದರ ಮೇಲಿನ ಅಂಕಿಯನ್ನೂ ಸಿರಿಂಜಿನ ಅಂಕಿಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಮುಗಿಯಿತು, ಯಾವ ಲ್ಯಾಟಿನ್ನೂ ಬೇಡ.

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯದೂ ಇಂಥದ್ದೇ ಕಥೆ. ಸಂಧಿವಾತಕ್ಕೆ ಅದನ್ನು ಕೊಡುವುದು ವಾರಕ್ಕೊಮ್ಮೆ. ಉಳಿದೆಲ್ಲ ಮಾತ್ರೆಗಳ ಸಾಲಿನಲ್ಲಿ ಅದನ್ನೂ ದಿನವೂ ನುಂಗಿದರೆ ಅಸ್ಥಿಮಜ್ಜೆ ಸೋತು ಜೀವಕ್ಕೇ ಕುತ್ತು. ಹಾಗಾಗಿ ಎಚ್ಚರದ ವೈದ್ಯರು ‘ವಾರಕ್ಕೊಮ್ಮೆ’ ಎಂದು ಬರೆದು ಸುಮ್ಮನಾಗದೆ ‘ಪ್ರತಿ ಭಾನುವಾರ’ ಎಂದು ವಾರದ ಹೆಸರನ್ನೇ ಬರೆಯುತ್ತಾರೆ.

ಎಲ್ಲ ಸಂಕ್ಷೇಪವೂ ಸಮಯ ಉಳಿಸಲೆಂದೇ ಹುಟ್ಟಿದ್ದಲ್ಲ. ಕೆಲವಕ್ಕೆ ಮುಚ್ಚಿಡುವ ಕೆಲಸವೂ ಇದೆ. ರೋಗಿಯ ಮಂಚದ ಪಕ್ಕ ನಿಂತು ‘ಟಿಬಿ’ ಎನ್ನುವ ಬದಲು ‘ಕಾಕ್ಸ್’ ಎನ್ನುವುದು ನಮ್ಮ ಆಸ್ಪತ್ರೆಗಳ ಹಳೆಯ ರೂಢಿ. 1882ರಲ್ಲಿ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟ ರಾಬರ್ಟ್ ಕಾಕ್ ಅವರ ಹೆಸರು ಹೀಗೆ ಪರದೆಯಾಗಿದೆ. ಕುಷ್ಠಕ್ಕೆ ‘ಹ್ಯಾನ್ಸನ್ಸ್’. ಎಚ್‌ಐವಿ ಎನ್ನಲಾರದೆ ‘ರೆಟ್ರೊ’. ಕ್ಯಾನ್ಸರಿಗೆ ‘ಸಿಎ’, ಅದೂ ಎದುರಿಗೆ ಕುಟುಂಬದವರಿದ್ದರೆ ‘ಮೈಟಾಟಿಕ್’. ಹಾಸಿಗೆ ಹಾಸಿಗೆಗೂ ಕಿವಿಗಳಿರುವ ವಾರ್ಡಿನಲ್ಲಿ ಇದರಲ್ಲಿ ಮರ್ಯಾದೆಯೂ ಇದೆ, ಕರುಣೆಯೂ ಇದೆ. ಆದರೆ ರೋಗಿಗೇ ತನ್ನ ರೋಗದ ಹೆಸರು ಗೊತ್ತಿರದಿದ್ದರೆ ಅದು ಕರುಣೆಯ ಲೆಕ್ಕಕ್ಕೆ ಸೇರುವುದಿಲ್ಲ. ಕ್ಷಯದ ಚಿಕಿತ್ಸೆ ಕಡಿಮೆಯೆಂದರೂ ಆರು ತಿಂಗಳು. ಮೊದಲೆರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ಏನಕ್ಕೆಂದು ತಿಳಿಯದವರು ಕೆಮ್ಮು ನಿಂತ ಕೂಡಲೇ ಮಾತ್ರೆ ನಿಲ್ಲಿಸುತ್ತಾರೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇರುವುದು ಇದೇ ಬಳ್ಳಾರಿ ರಸ್ತೆಯಲ್ಲಿ. ಅಲ್ಲಿನವರಿಗೆ ಆ ಔಷಧಗಳ ಗುಂಪು ‘ಎಚ್‌ಆರ್‌ಝೆಡ್‌ಇ’ ಎಂದು ಬಾಯಿಪಾಠ. ಅದರಲ್ಲಿ ಎಚ್ ಎಂದರೆ ಐಸೊನಯಾಝಿಡ್, ಝೆಡ್ ಎಂದರೆ ಪೈರಝಿನಮೈಡ್. ಮೊದಲಕ್ಷರ ನೋಡಿ ಊಹಿಸಲು ಹೊರಟವರು ಸೋಲುವುದು ಖಂಡಿತ.

ಮಾತು ಎದುರು ದಿಕ್ಕಿನಲ್ಲೂ ತಪ್ಪುತ್ತದೆ. ರೋಗಿಗಳ ಪದಕೋಶ ವೈದ್ಯರಿಗೆ ಒಗಟು. ‘ನನಗೆ ಬಿಪಿ ಇದೆ’ ಎನ್ನುತ್ತಾರೆ ಜನ. ಬಿಪಿ ಇಲ್ಲದವರು ಬದುಕಿರುವುದುಂಟೇ? ‘ಶುಗರ್ ಬಂದಿದೆ’ ಎನ್ನುವುದೂ ಹಾಗೆಯೇ. ಇವೆರಡರ ಅರ್ಥ ವೈದ್ಯರಿಗೆ ಅಭ್ಯಾಸವಾಗಿದೆ, ಅಡ್ಡಿಯಿಲ್ಲ. ‘ಗ್ಯಾಸ್ಟ್ರಿಕ್’ ಮಾತ್ರ ಮೋಸದ್ದು. ಹೊಟ್ಟೆಗೆ ಸಂಬಂಧಿಸಿದ್ದು ಎಂಬ ವಿಶೇಷಣ ಬೆಂಗಳೂರಿನ ಬಾಯಲ್ಲಿ ಒಂದು ರೋಗದ ಹೆಸರಾಗಿ, ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಬೆನ್ನಿನ ಸೆಳೆತ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದೆ. ಹೃದಯದ ಕೆಳಭಾಗಕ್ಕೆ ರಕ್ತ ತಲುಪದೆ ಆಗುವ ಹೃದಯಾಘಾತದಲ್ಲಿ ನೋವು ಕಾಣಿಸುವುದು ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದಲ್ಲೇ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬೆವರು, ಸುಸ್ತು ಅಷ್ಟೇ ಇರಬಹುದು. ‘ಗ್ಯಾಸ್ಟ್ರಿಕ್ಕು, ಸೋಡಾ ಕುಡಿದ್ರೆ ಸರಿಹೋಗುತ್ತೆ’ ಎಂದು ಕಳೆದ ಒಂದು ಗಂಟೆಯನ್ನು, ಹೃದಯದ ರಕ್ತನಾಳ ತೆರೆಯುವ ಯಾವ ಕ್ಯಾಥ್‌ಲ್ಯಾಬೂ ಮರಳಿಸಲಾರದು.

ವರದಿಗಳ ಮಾತೂ ಹೀಗೆಯೇ ದಾರಿ ತಪ್ಪಿಸಬಹುದು. ಲ್ಯಾಬಿನ ವರದಿಯಲ್ಲಿ ‘ನೆಗೆಟಿವ್’ ಎಂದಿದ್ದರೆ ಖುಷಿಪಡಬೇಕು, ಹುಡುಕಿದ್ದು ಸಿಗಲಿಲ್ಲ ಎಂದರ್ಥ. ‘ಎನ್‌ಎಡಿ’ ಅಂದರೂ ಅಸಹಜವಾದದ್ದೇನೂ ಕಾಣಲಿಲ್ಲ ಎಂದೇ.

ಕರ್ನಾಟಕವೇ ಜಗತ್ತಿಗೆ ಕೊಟ್ಟ ಒಂದು ಸಂಕ್ಷೇಪವಿದೆ: ಕೆಎಫ್‌ಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದಾಗ ಪತ್ತೆಯಾದ ವೈರಸ್ಸಿಗೆ ಆ ಕಾಡಿನ ಹೆಸರನ್ನೇ ಇಟ್ಟರು. ಮಲೆನಾಡಿಗರು ಅದನ್ನು ಮಂಗನ ಕಾಯಿಲೆ ಎಂದರು. ಹರಡುವುದು ಉಣ್ಣೆ ಹುಳ. ಪಾಪ, ಮಂಗಗಳು ತಾವೇ ಅದರಿಂದ ಸಾಯುವ ಪ್ರಾಣಿಗಳು. ಈ ಕಾಯಿಲೆಯ ಲಸಿಕೆ ವರ್ಷಗಟ್ಟಲೆ ತಯಾರಾಗುತ್ತಿದ್ದದ್ದು ಕೆಂಪಾಪುರಕ್ಕೆ ಕೂಗಳತೆಯ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಆ ಲೆಕ್ಕದಲ್ಲಿ ಕ್ಯಾಸನೂರೂ ತಪ್ಪು, ಮಂಗನೂ ತಪ್ಪು. ಒಂದು ಕಾಲದಲ್ಲಿ ಕರ್ನಾಟಕ ಫೋರಂ ಫಾರ್ ಡಿಗ್ನಿಟಿ ಎಂಬ ಸಂಘಟನೆಯೂ ಕೆಎಫ್‌ಡಿ ಎನಿಸಿಕೊಂಡು ಪತ್ರಿಕೆಯ ತಲೆಬರಹಕ್ಕೆ ಬಂತು. ಪುಟ ತಿರುಗಿಸುವವರು ಎರಡನೆಯ ಸಾಲು ಓದಿದ ಮೇಲಷ್ಟೇ ಸುದ್ದಿ ಜ್ವರದ್ದೋ ರಾಜಕೀಯದ್ದೋ ಎಂದು ತಿಳಿಯಬೇಕಾಗಿತ್ತು.

ಚೀಟಿ ಅರ್ಥವಾಗದಿದ್ದರೆ ರೋಗಿಯ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ಮಟ್ಟಿಗೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತು. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆನ್ನುವುದು 2002ರ ನಿಯಮಾವಳಿಯಲ್ಲೇ ಇದೆ. ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ. ಸಾರಾಂಶದ ಹಾಳೆ ಹಿಡಿದು ‘ಇದೇನು ಮೇಡಂ, ಇದೇನು?’ ಎಂದು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೇಳಲು ಸರಿಯಾದ ಹೊತ್ತು ಅದೇ.

ಅಕ್ಷರ ತಿಳಿದರೂ ಅಂಕಿ ಕೈಕೊಡಬಹುದು, ಅದರಲ್ಲೂ ಮಕ್ಕಳು ಹೊರದೇಶದಲ್ಲಿದ್ದರೆ. ಅಪ್ಪ ಕೆಂಪಾಪುರದಿಂದ ವಿಡಿಯೋ ಕರೆಯಲ್ಲಿ ‘ಖಾಲಿ ಹೊಟ್ಟೆ ಶುಗರ್ 126’ ಎನ್ನುತ್ತಾರೆ. ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಇರುವ ಮಗಳಿಗೆ ಗೊತ್ತಿರುವುದು 7. ಎರಡೂ ಒಂದೇ, ಮಧುಮೇಹದ ಗೆರೆಯೇ ಅದು. ಇಲ್ಲಿ ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಅಳೆದರೆ ಅಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಎನ್ನುತ್ತಾರೆ. ಇಲ್ಲಿನ ಅಂಕಿಯನ್ನು 18ರಿಂದ ಭಾಗಿಸಿದರೆ ಅಲ್ಲಿನದು ಸಿಗುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇಲ್ಲಿ ಶೇಕಡಾ 6.5 ಇದ್ದರೆ ಬ್ರಿಟನ್ನಿನ ವರದಿಯಲ್ಲಿ 48 ಎಂದಿರುತ್ತದೆ. ಅಲ್ಲಿಂದ ಗ್ಲೂಕೋಮೀಟರ್ ಉಡುಗೊರೆ ತರುವವರು ಡಬ್ಬಿಯ ಮೇಲೆ ಯಾವ ಅಳತೆ ಇದೆಯೆಂದು ನೋಡಿಯೇ ಕೊಳ್ಳಬೇಕು. ಎಷ್ಟೋ ಮೀಟರುಗಳಲ್ಲಿ ಅದನ್ನು ಆಮೇಲೆ ಬದಲಿಸಲು ಬರುವುದಿಲ್ಲ.