ಬಿಟ್ಟಿ ಚಿತ್ರ, ಗಟ್ಟಿ ಪಾಠ

ಭಾನುವಾರದ ಸಂಜೆ ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ಝೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಇಂಥ ಮಾತು ಕಿವಿಗೆ ಬೀಳುತ್ತದೆ.

"ಅಣ್ಣಾರ, ಗೋಲಗುಂಬಜದ್ದೊಂದು ಫೋಟೊ ತಗದು ಕೊಡ್ರಿ. ಹುಡುಗನ ಪ್ರಾಜೆಕ್ಟಿಗೆ ಬೇಕಾಗೈತಿ."

"ಯಾವುದಾದ್ರೂ ನಡೀತೈತೇನ್ರಿ?"

"ಯಾವುದಾದ್ರೂ ನಡೀತೈತಿ, ಕಲರ್ ಇರ್ಲಿ."

ಅಂಗಡಿಯವರು ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ್ದನ್ನು ಅಚ್ಚು ಹಾಕಿ ಕೊಡುತ್ತಾರೆ. ಚಿತ್ರದ ಮೇಲೆ ಯಾವುದೋ ಕಂಪೆನಿಯ ಹೆಸರು ಅಡ್ಡಲಾಗಿ ಬಿದ್ದಿರುತ್ತದೆ. ಹುಡುಗ ಅದನ್ನು ಹಾಳೆಗೆ ಅಂಟಿಸಿ, ಕೆಳಗೆ ಗೀಟು ಎಳೆದು, ಮಾರನೆಯ ದಿನ ಒಪ್ಪಿಸುತ್ತಾನೆ. ತಂದೆಯ ಕಾಸು ಹೋಯಿತು, ಮಗನಿಗೆ ಅಂಕ ಬಂತು. ಚಿತ್ರದಿಂದ ಕಲಿತದ್ದೇನು?

ಈ 'ಯಾವುದಾದ್ರೂ ನಡೀತೈತಿ' ಎಂಬಲ್ಲಿಯೇ ತೊಂದರೆ ಇರುವುದು. ವಿಜಯಪುರದಿಂದ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರು ದೂರದಲ್ಲಿರುವ ಈ ಊರುಗಳ ಮಕ್ಕಳಿಗೆ ಗುಮ್ಮಟದ ಹೊರಮೈ ತೋರಿಸಲು ಫೋಟೊ ಬೇಕಿಲ್ಲ, ಬಸ್ಸು ಹತ್ತಿಸಿದರೆ ಆಯಿತು. ಕಣ್ಣಿಗೆ ನೇರವಾಗಿ ಕಾಣದ್ದನ್ನು ತೋರಿಸಲು ಚಿತ್ರ ಬೇಕು. ಅಂಥ ಚಿತ್ರಗಳು ಅಂತರಜಾಲದಲ್ಲಿ ಉಚಿತವಾಗಿ, ಕಾನೂನುಬದ್ಧವಾಗಿಯೇ ಸಿಗುತ್ತವೆ.

ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, 1916ರಲ್ಲಿ ದೊಡ್ಡದೊಂದು ಇಂಗ್ಲಿಷ್ ಗ್ರಂಥ ಹೊರತಂದರು. ಅದರ ಹಕ್ಕಿನ ಅವಧಿ ಎಂದೋ ಮುಗಿದಿದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ಗುಮ್ಮಟದ ಒಳಗೆ ನಿಂತು ಕತ್ತು ನೋಯುವಷ್ಟು ಮೇಲೆ ನೋಡಿದರೂ ತಿಳಿಯದ ಒಂದು ಸಂಗತಿ ನಕ್ಷೆಯಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟಂತೆ ಕಮಾನುಗಳು ಒಂದನ್ನೊಂದು ಹಾಯುತ್ತವೆ. ನಡುವೆ ಎಂಟು ಮೂಲೆ ಮೂಡುತ್ತದೆ, ಅದರ ಮೇಲೆ ದುಂಡು ಗುಮ್ಮಟ ಕೂರುತ್ತದೆ. ಕೆಳಗಿನ ಚೌಕದ ಒಂದು ಬದಿ ಸುಮಾರು 135 ಅಡಿ, ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಎರಡು ರಟ್ಟಿನ ಚೌಕ ಕತ್ತರಿಸಿ ಒಂದರ ಮೇಲೊಂದು ತಿರುಗಿಸಿ ಇಡಲು ಹೇಳಿ, ಮಕ್ಕಳೇ ಕಂಡುಕೊಳ್ಳುತ್ತಾರೆ. ಇತಿಹಾಸದ ಪಾಠ ಅಲ್ಲಿಗೆ ರೇಖಾಗಣಿತವಾಯಿತು.

ಇನ್ನೊಂದು ಚಿತ್ರದ ಕತೆ ಇನ್ನೂ ಸ್ವಾರಸ್ಯದ್ದು. ಸುಮಾರು 1680ರಲ್ಲಿ ಕಮಾಲ್ ಮಹಮ್ಮದ್ ಮತ್ತು ಚಾಂದ್ ಮಹಮ್ಮದ್ ಎಂಬ ಇಬ್ಬರು ಕಲಾವಿದರು ಆದಿಲ್‌ಶಾಹಿ ಸುಲ್ತಾನರನ್ನೆಲ್ಲ ಒಂದೇ ಕಡೆ ಕೂರಿಸಿ ಚಿತ್ರ ಬರೆದರು. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಊರಿನ ಸುಲ್ತಾನರನ್ನು ನೋಡಲು ಅಮೆರಿಕಕ್ಕೆ ಹೋಗಬೇಕೆ ಎಂದು ಹಿರಿಯರು ನಿಟ್ಟುಸಿರು ಬಿಡಬಹುದು. ಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಆ ಸಂಗ್ರಹಾಲಯ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಯಾವ ಷರತ್ತೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮೊಬೈಲಿನಲ್ಲಿ ದೊಡ್ಡದು ಮಾಡಿ ಪೋಷಾಕಿನ ಹೂವನ್ನೂ ಎಣಿಸಬಹುದು.

ಶಿಕ್ಷಕರು ಜಾಣರಾಗಿದ್ದರೆ ಈ ಚಿತ್ರ ತೋರಿಸಿ ಹೆಸರು ಹೇಳಿಕೊಡುವುದಿಲ್ಲ, ಸುಮ್ಮನೆ ಕೇಳುತ್ತಾರೆ: ಇವರೆಲ್ಲ ನಿಜವಾಗಿ ಒಟ್ಟಿಗೆ ಕುಳಿತಿರಲು ಸಾಧ್ಯವಿತ್ತೆ? ಸುಮಾರು ಇನ್ನೂರು ವರ್ಷಗಳ ಅಂತರದಲ್ಲಿ ಬಾಳಿದವರು! ಪಟ್ಟಿಯಲ್ಲಿ ಒಂಬತ್ತು ಹೆಸರಿವೆ, ಚಿತ್ರದಲ್ಲಿ ಎಷ್ಟು ಮಂದಿ? ಇರಾನಿನ ಶಹಾ ಇಸ್ಮಾಯಿಲ್ ಮೊದಲ ಸುಲ್ತಾನನಿಗೆ ಬೀಗದ ಕೈ ಕೊಡುತ್ತಿರುವುದೇಕೆ? ಚಿತ್ರ ಬರೆದಾಗ ಗಾದಿಯ ಮೇಲಿದ್ದವನು ಹುಡುಗ ಸಿಕಂದರ್. 1686ರಲ್ಲಿ ಔರಂಗಜೇಬನಿಗೆ ರಾಜ್ಯ ಒಪ್ಪಿಸಬೇಕಾಯಿತು. ರಾಜ್ಯ ಕುಸಿಯುತ್ತಿರುವಾಗ ವಂಶದ ವೈಭವವನ್ನು ಬರೆಸಿದ್ದೇಕೆ ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿಲ್ಲ. ಹುಡುಗರು ಯೋಚಿಸಲೇಬೇಕು.

ದೂರದ ಸಂಗತಿಗಳಿಗೂ ಇದೇ ಮಾತು. ಯಹೂದಿ ಧರ್ಮದ ಹೆಸರು ಪಾಠದಲ್ಲಿ ಬರುತ್ತದೆ, ಆದರೆ ಬಬಲೇಶ್ವರದ ಹುಡುಗಿ ಅವರ ಪ್ರಾರ್ಥನಾಮಂದಿರವನ್ನು ಎಲ್ಲಿ ಕಂಡಾಳು? ಕೊಚ್ಚಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಸಿನಗಾಗ್ ಇದೆ, ನೆಲಕ್ಕೆ ಚೀನಾದ ನೀಲಿ ಹಂಚು. 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರದಲ್ಲಿ ಅದರ ಫೋಟೊ ಸಿಗುತ್ತದೆ. ಯಹೂದಿಗಳೆಂದರೆ ಎಲ್ಲೋ ಪರದೇಶದವರು ಎಂಬ ಭಾವನೆ ಆ ಒಂದು ಚಿತ್ರದಿಂದ ಸಡಿಲವಾಗುತ್ತದೆ.

ಇನ್ನು ಶಿಕ್ಷಕರ ತರಬೇತಿಯ ವಿಷಯ. ಡಿ.ಇಡಿ., ಬಿ.ಇಡಿ. ಓದುವವರು ಪಾಠೋಪಕರಣ ಎಂದರೆ ಇಂದಿಗೂ ಚಾರ್ಟು, ಸ್ಕೆಚ್ ಪೆನ್ನು, ಗೋಂದು ಎಂದುಕೊಳ್ಳುವುದುಂಟು. ಚಾರ್ಟು ಕೆಟ್ಟದ್ದೇನಲ್ಲ. ಆದರೆ ಚಿತ್ರ ಹುಡುಕುವುದು, ಅದು ನಿಜವೇ ಎಂದು ಪರೀಕ್ಷಿಸುವುದು, ಅದರ ಮೇಲೆ ಮೂರು ಒಳ್ಳೆಯ ಪ್ರಶ್ನೆ ಕಟ್ಟುವುದು ಕೂಡ ಪಾಠಯೋಜನೆಯ ಭಾಗವಾಗಬೇಕು. ಕರ್ನಾಟಕದಲ್ಲಿ ಇದಕ್ಕೆ ಮಾದರಿ ಇದೆ. 2010ರ ದಶಕದಲ್ಲಿ ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಪ್ರೌಢಶಾಲೆಯ ಶಿಕ್ಷಕರಿಂದಲೇ ಕನ್ನಡದಲ್ಲಿ ಮುಕ್ತ ಸಂಪನ್ಮೂಲಗಳನ್ನು ಸಿದ್ಧಪಡಿಸಿದವು. ದೆಹಲಿಯ ಎನ್.ಸಿ.ಇ.ಆರ್.ಟಿ. 2013ರಲ್ಲಿ ಇಂಥದೇ ಭಂಡಾರ ತೆರೆಯಿತು, 2017ರಲ್ಲಿ 'ದೀಕ್ಷಾ' ಬಂತು.

ಉಚಿತ ಎಂದರೆ ಹೇಗೆ ಬೇಕಾದರೂ ಬಳಸಬಹುದೆಂದು ಅರ್ಥವಲ್ಲ. ನಮ್ಮ ದೇಶದಲ್ಲಿ ಫೋಟೊದ ಹಕ್ಕು ತೆಗೆದವರ ಜೀವಿತಕಾಲವಿಡೀ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತರಗತಿಯ ಪಾಠಕ್ಕೆ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಅದೇ ಚಿತ್ರವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿ ಮಾರುವುದು ಬೇರೆ ಮಾತು. ಕಾಮನ್ಸ್‌ನಲ್ಲಿ ಪ್ರತಿ ಚಿತ್ರದ ಕೆಳಗೂ ಷರತ್ತು ಬರೆದಿರುತ್ತದೆ. ಹೆಚ್ಚಿನವರು ಕೇಳುವುದು ಇಷ್ಟೇ: ತೆಗೆದವರ ಹೆಸರು ಹಾಕಿ. ಅಷ್ಟು ಬರೆಯುವುದಕ್ಕೂ ನಮಗೆ ಸೋಮಾರಿತನ. ವಾಟ್ಸ್‌ಆ್ಯಪಿನಲ್ಲಿ ಬಂದ ಚಿತ್ರಕ್ಕಂತೂ ತಾಯಿ-ತಂದೆಯೇ ಇರುವುದಿಲ್ಲ. ಬೇರೆ ಊರಿನ ಕೋಟೆಯನ್ನು ನಮ್ಮದೆಂದು ನಂಬಿಸುವುದು ಹೀಗೆಯೇ.

ಪಾಲಕರೆ, ಮುಂದಿನ ಬಾರಿ ಪ್ರಾಜೆಕ್ಟು ಬಂದಾಗ ಝೆರಾಕ್ಸ್ ಅಂಗಡಿಗೆ ಹೋಗುವ ಮೊದಲು ಮನೆಯ ಮೊಬೈಲನ್ನೇ ಮಗಳ ಕೈಗೆ ಕೊಟ್ಟು ನೋಡಿ. ತಿಕೋಟಾ ಸೀಮೆಯ ದ್ರಾಕ್ಷಿ ಬೇಸಿಗೆಯಲ್ಲಿ ಶೆಡ್ಡಿನ ಬಲೆಗಳ ಮೇಲೆ ಹರಡಿಕೊಂಡು ಹದಿನೈದು ದಿನಗಳಲ್ಲಿ ಒಣದ್ರಾಕ್ಷಿಯಾಗುತ್ತದೆ. ದಿನಕ್ಕೊಂದು ಫೋಟೊ ತೆಗೆದರೆ ವಿಜ್ಞಾನದ ಪಾಠವೇ ಸಿದ್ಧ. ಬಬಲೇಶ್ವರದ ಬಳಿ ಮಮದಾಪುರದ ಹಳೆಯ ಕೆರೆ ಇದೆ, ಆದಿಲ್‌ಶಾಹಿ ಕಾಲದ್ದು. ಏರಿಯ ಕಲ್ಲುಕಟ್ಟಡದ ಚಿತ್ರ ತೆಗೆದು ಊರು, ತಾರೀಖು, ತೆಗೆದವಳ ಹೆಸರು ಕನ್ನಡದಲ್ಲಿ ಬರೆದು ಶಿಕ್ಷಕರ ಮೂಲಕ ಕಾಮನ್ಸ್‌ಗೆ ಸೇರಿಸಬಹುದು. ಕೊಚ್ಚಿಯಲ್ಲೋ ನ್ಯೂಯಾರ್ಕಿನಲ್ಲೋ ಕುಳಿತ ಮೇಷ್ಟರೊಬ್ಬರು ಅದನ್ನು ತಮ್ಮ ಮಕ್ಕಳಿಗೆ ತೋರಿಸುವಾಗ ಕೆಳಗೆ ಬಬಲೇಶ್ವರದ ಹುಡುಗಿಯ ಹೆಸರು ಇರುತ್ತದೆ.