ಹಡಗಿನ ಪ್ರಯಾಣಕ್ಕೆ ಮಕ್ಕಳ ಗಂಟುಮೂಟೆ

ಪ್ರವಾಸ ಅಂದರೆ ಮನೆಯ ಯಜಮಾನರಿಗೆ ಟಿಕೆಟ್ಟಿನ ಚಿಂತೆ, ಮಕ್ಕಳಿಗೆ ಕಿಟಕಿ ಪಕ್ಕದ ಜಾಗದ ಚಿಂತೆ, ನಮಗೆ ಮಾತ್ರ ಗಂಟುಮೂಟೆಯ ಚಿಂತೆ. ಬಸ್ಸಿನಲ್ಲೋ ರೈಲಿನಲ್ಲೋ ಹೋದರೆ ಏನಾದರೂ ಮರೆತರೂ ಪರವಾಗಿಲ್ಲ, ಮುಂದಿನ ಊರಿನಲ್ಲಿ ಒಂದು ಅಂಗಡಿ ಇದ್ದೇ ಇರುತ್ತದೆ. ಹಡಗಿನಲ್ಲಿ ಹಾಗಲ್ಲ ನೋಡಿ. ದಡ ಬಿಟ್ಟ ಮೇಲೆ ಸುತ್ತ ನೀರು. ಮಗುವಿಗೆ ಬೇಕಾದದ್ದು ನಮ್ಮ ಚೀಲದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈಗೀಗ ನಮ್ಮಂಥ ಸಣ್ಣ ಊರಿನವರೂ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತುತ್ತಿದ್ದಾರೆ. ಮುಂಬಯಿಯಿಂದ ಹೊರಡುವ ದೊಡ್ಡ ವಿಹಾರದ ಹಡಗುಗಳಿವೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಹಡಗುಗಳಿವೆ. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಾವು ಎಂಟು ಜನ ಲಕ್ಷದ್ವೀಪಕ್ಕೆ ಹೋಗಿಬಂದೆವು. ನನ್ನ ಕಿರಿಮಗಳಿಗೆ ಆಗ ಒಂಬತ್ತು ವರ್ಷ. ನಾದಿನಿಯ ಮಕ್ಕಳಲ್ಲಿ ಒಬ್ಬನಿಗೆ ನಾಲ್ಕು, ಇನ್ನೊಂದು ಒಂದೂವರೆ ವರ್ಷದ ಕೂಸು. ಅಲ್ಲಿ ಕಂಡುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಲಕ್ಷದ್ವೀಪ ನಮಗೆ ತೀರಾ ದೂರದ ನಂಟೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು.

ಮೊದಲು ಕಾಗದಪತ್ರ

ಲಕ್ಷದ್ವೀಪಕ್ಕೆ ಹೊರಗಿನವರು ಹೋಗಬೇಕಾದರೆ ಪ್ರವೇಶ ಪರವಾನಗಿ ಬೇಕು. ಆದ್ದರಿಂದ ಮಕ್ಕಳ ಆಧಾರ್, ಜನನ ಪ್ರಮಾಣಪತ್ರ, ಫೋಟೋಗಳನ್ನು ಬಹಳ ಮುಂಚೆಯೇ ಜೋಡಿಸಿಡಿ. ಎಲ್ಲದರ ಎರಡೆರಡು ನಕಲು ಮಾಡಿಸಿ, ಒಂದು ಕಟ್ಟು ನಿಮ್ಮ ಹತ್ತಿರ, ಇನ್ನೊಂದು ಯಜಮಾನರ ಹತ್ತಿರ ಇರಲಿ. ನೀರು ತಾಗದ ಪ್ಲಾಸ್ಟಿಕ್ ಲಕೋಟೆಯಲ್ಲೇ ಇಡಿ.

ಹೊರಡುವ ತಿಂಗಳನ್ನೂ ಯೋಚಿಸಿ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ಕೆರಳಿರುತ್ತದೆ. ಸಣ್ಣ ಮಕ್ಕಳಿದ್ದರೆ ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲ ಒಳ್ಳೆಯದು.

ಎರಡು ಕೈ ಖಾಲಿ ಇರಲಿ

ಇಷ್ಟು ದೊಡ್ಡ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುವುದು. ಹಡಗಿಗೆ ಗಂಟುಮೂಟೆ ಕಟ್ಟುವಾಗ, ತಾಯಿಯ ಎರಡು ಕೈಯೂ ಖಾಲಿ ಉಳಿಯುವಂತೆ ಕಟ್ಟಬೇಕು.

ಯಾಕೆ ಅಂತೀರಾ? ಈ ದ್ವೀಪಗಳ ಸುತ್ತ ಹವಳದ ದಿಬ್ಬ, ಒಳಗೆ ಆಳವಿಲ್ಲದ ನೀರು. ದೊಡ್ಡ ಹಡಗು ಹೆಚ್ಚಿನ ಕಡೆ ದಡದವರೆಗೆ ಹೋಗುವುದಿಲ್ಲ, ಹೊರಗೇ ಲಂಗರು ಹಾಕುತ್ತದೆ. ನಾವು ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ಇಳಿಯಬೇಕು. ಅಲೆಗೆ ದೋಣಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮಧ್ಯದಲ್ಲಿ ಕಾಣುವುದು ನೀಲಿ ನೀರು. ಹಡಗಿನವರು ಎರಡೂ ಕಡೆ ನಿಂತು ಮಕ್ಕಳನ್ನು ಎತ್ತಿ ದಾಟಿಸುತ್ತಾರೆ. ಅವರು ಪಳಗಿದವರು, ಭಯಪಡಬೇಕಾಗಿಲ್ಲ. ಆದರೆ ಅವರು “ಬನ್ನಿ” ಅಂದ ಆ ಒಂದು ಗಳಿಗೆಯಲ್ಲಿ ನಿಮ್ಮ ಒಂದು ಕೈಯಲ್ಲಿ ಬುತ್ತಿ ಚೀಲ, ಇನ್ನೊಂದರಲ್ಲಿ ನೀರಿನ ಕ್ಯಾನು ಇದ್ದರೆ ಮಗುವನ್ನು ಹಿಡಿಯುವವರು ಯಾರು?

ನನ್ನ ನಾದಿನಿ ಎಲ್ಲವನ್ನೂ ಬೆನ್ನಿಗೆ ಹಾಕುವ ಒಂದೇ ಚೀಲದಲ್ಲಿ ತುಂಬಿದ್ದಳು. ದೋಣಿಗೆ ಇಳಿಯುವಾಗ ಕೂಸನ್ನು ಹಡಗಿನವರ ಕೈಗೆ ಕೊಟ್ಟು, ತಾನು ಅವರ ತೋಳು ಹಿಡಿದು ಸಲೀಸಾಗಿ ದಾಟಿದಳು. ನಾಲ್ಕು ವರ್ಷದವನು ಮಾತ್ರ ಬಾಗಿಲಲ್ಲಿ ಹೆದರಿ, ನನ್ನ ಸೆರಗು ಬಿಗಿಯಾಗಿ ಹಿಡಿದು ಹಿಂದಕ್ಕೆ ಎಳೆದ. ನನ್ನ ಎರಡು ಕೈಯೂ ಖಾಲಿ ಇದ್ದದ್ದರಿಂದ ಅವನನ್ನು ತಬ್ಬಿ, ಬೆನ್ನು ತಟ್ಟಿ, ಎತ್ತಿ ಕೊಡಲಿಕ್ಕಾಯಿತು. ಸೀರೆಗಿಂತ ಚೂಡಿದಾರವೇ ಇಲ್ಲಿ ಅನುಕೂಲ. ಸೀರೆಯೇ ಉಡುವವರು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಪಿನ್ನು ಹಾಕಿಕೊಳ್ಳಿ. ಜಾರುವ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರುವಂಥದ್ದು ಇರಲಿ, ಮಕ್ಕಳಿಗೂ ಅಷ್ಟೆ.

ಹೀಗಾಗಿ ಸಾಮಾನನ್ನು ಎರಡು ಭಾಗ ಮಾಡಿ. ದೊಡ್ಡ ಪೆಟ್ಟಿಗೆ ಹಡಗಿನ ಕೋಣೆಯಲ್ಲೇ ಉಳಿಯುತ್ತದೆ. ದಿನಾ ದ್ವೀಪಕ್ಕೆ ಇಳಿಯುವಾಗ ಬೆನ್ನುಚೀಲ ಮಾತ್ರ. ನಾವು ಹೋದ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲಿ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಸುತ್ತಾಟ. ದಿನವೂ ಎರಡು ಸಲ ದೋಣಿ ಹತ್ತಿ ಇಳಿಯುವುದೇ.

ಓಕರಿಕೆಯ ಔಷಧಿ: ಎಚ್ಚರ

ಹಡಗಿನ ತೂಗಾಟಕ್ಕೆ ತಲೆ ಸುತ್ತುವುದು, ವಾಂತಿಯಾಗುವುದು ಸಹಜ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಹೆಚ್ಚು. ಎರಡರೊಳಗಿನ ಕೂಸುಗಳಿಗೆ ಅಪರೂಪ. ನಮ್ಮಲ್ಲೊಂದು ರೂಢಿಯಿದೆ. ಘಾಟಿ ಹತ್ತುವಾಗ ದೊಡ್ಡವರು ನುಂಗುವ ಮಾತ್ರೆಯನ್ನೇ ಅರ್ಧ ಮುರಿದು ಮಕ್ಕಳಿಗೂ ಕೊಟ್ಟುಬಿಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಮೆಥಜೀನ್ ಎಂಬ ಔಷಧವಿರುವ ಮಾತ್ರೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟಕ್ಕೇ ಅಪಾಯ. ದೊಡ್ಡ ಮಕ್ಕಳಿಗೂ ತೂಕ ನೋಡಿ ಡಾಕ್ಟರೇ ಅಳತೆ ಬರೆದುಕೊಡಬೇಕು. ಹೊರಡುವ ವಾರದ ಮುಂಚೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ಓಕರಿಕೆ, ಜ್ವರ, ಭೇದಿ ಮೂರಕ್ಕೂ ಔಷಧಿ ಬರೆಸಿಕೊಳ್ಳಿ. ಬಾಟಲಿಯ ಮೇಲೆ ಮಗುವಿನ ಹೆಸರು, ಎಷ್ಟು, ಯಾವಾಗ ಅಂತ ಕನ್ನಡದಲ್ಲೇ ಚೀಟಿ ಅಂಟಿಸಿ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಿನಲ್ಲಿ ನೆನಪು ಕೈಕೊಡುತ್ತದೆ.

ಔಷಧಿಯಿಲ್ಲದೆ ಮಾಡಬಹುದಾದದ್ದೂ ಇದೆ. ಹಡಗಿನ ಮಧ್ಯಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ತೂಗಾಟ ಕಡಿಮೆ. ಕೋಣೆ ಕೇಳುವಾಗ ಅದನ್ನೇ ಕೇಳಿ. ತಲೆ ಸುತ್ತಿದ ಮಗುವನ್ನು ಗಾಳಿಗೆ ಕರೆದೊಯ್ದು, ದೂರದಲ್ಲಿ ಆಕಾಶ ನೀರು ಕೂಡುವ ಗೆರೆಯನ್ನು ನೋಡಿಸಿ. ಆ ಹೊತ್ತಿನಲ್ಲಿ ಪುಸ್ತಕ, ಮೊಬೈಲು ಕೊಡಬೇಡಿ.

ವಾಂತಿಯಾದ ಮಗು ನಿತ್ರಾಣವಾಗುವುದು ನೀರು ಕಡಿಮೆಯಾಗಿ. ಒಆರ್‌ಎಸ್ ಪೊಟ್ಟಣ ಮಗುವಿಗೆ ನಾಲ್ಕರಂತೆ ಇರಲಿ. ಪೊಟ್ಟಣ ತೀರಿದರೆ 1 ಲೀಟರ್ ಕಾದಾರಿದ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಲೇಬಾರದು. ಒಂದೇ ಸಲ ಲೋಟ ಎತ್ತಿಸಬೇಡಿ, ಚಮಚ ಚಮಚವಾಗಿ ಕುಡಿಸಿ. ಚಮಚವನ್ನೂ ಔಷಧಿಯ ಜೊತೆಗೇ ಇಟ್ಟುಕೊಳ್ಳಿ.

ಬುತ್ತಿ ಎಷ್ಟು?

ಲಕ್ಷದ್ವೀಪದ ಹಡಗಿನಲ್ಲಿ ಊಟ ಕೊಡುತ್ತಾರೆ. ಆದರೆ ಅದು ಕೇರಳದ ರುಚಿ. ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆಯ ಒಗ್ಗರಣೆ ನಮ್ಮ ಬಯಲುಸೀಮೆ ಮಕ್ಕಳಿಗೆ ಮೊದಲ ದಿನ ಒಗ್ಗುವುದಿಲ್ಲ. ಚಟ್ನಿಪುಡಿ, ಹುರಿಹಿಟ್ಟು, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಮಂಡಕ್ಕಿ ಒಯ್ಯಿರಿ. ಕೂಸಿಗೆ ರಾಗಿ ಸರಿ ಹಿಟ್ಟನ್ನು ಹುರಿದು, ಒಂದು ಹೊತ್ತಿನದು ಒಂದು ಪೊಟ್ಟಣದಂತೆ ಕಟ್ಟಿ. ಎಣ್ಣೆ ಬಸಿಯುವ ಕರಿದ ತಿಂಡಿ ಓಕರಿಕೆಯನ್ನು ಹೆಚ್ಚಿಸುತ್ತದೆ, ಬೇಡ. ಮುಂಬಯಿಯ ದೊಡ್ಡ ಹಡಗಿಗೆ ಹೋಗುವವರು ಮಾತ್ರ ಮೊದಲೇ ಕೇಳಿಕೊಳ್ಳಿ. ಅಂಥ ಹಡಗುಗಳಲ್ಲಿ ಹೊರಗಿನ ತಿಂಡಿಗೆ ಕಟ್ಟುಪಾಡಿರುತ್ತದೆ. ನೀರು ಕಾಯಿಸುವ ಕೆಟಲ್ಲು, ಇಸ್ತ್ರಿಪೆಟ್ಟಿಗೆಯನ್ನು ಯಾವ ಹಡಗಿಗೂ ಒಯ್ಯಬೇಡಿ, ಬೆಂಕಿಯ ಭಯ.

ದೊಡ್ಡ ಮಕ್ಕಳಿಗೂ ನಮಗೂ ಬಾಯಿಗೆ ಹಾಕಿಕೊಳ್ಳಲು ಶುಂಠಿ ಬರ್ಫಿ ಇರಲಿ. 1 ಬಟ್ಟಲು ಸಿಪ್ಪೆ ತೆಗೆದ ಎಳೆ ಶುಂಠಿಯನ್ನು ಸ್ವಲ್ಪ ಹಾಲು ಹಾಕಿ ನುಣ್ಣಗೆ ರುಬ್ಬಿ. ದಪ್ಪ ತಳದ ಬಾಣಲೆಯಲ್ಲಿ 2 ಬಟ್ಟಲು ಸಕ್ಕರೆಯ ಜೊತೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಿರಿ. 1 ದೊಡ್ಡ ಚಮಚ ತುಪ್ಪ ಹಾಕಿ. ತಳ ಬಿಟ್ಟು ಬಂದಾಗ ತುಪ್ಪ ಸವರಿದ ತಟ್ಟೆಗೆ ಸುರಿದು, ಬಿಸಿಯಿರುವಾಗಲೇ ಸಣ್ಣದಾಗಿ ಕತ್ತರಿಸಿ. ಖಾರವೂ ಗಟ್ಟಿಯೂ ಆದ್ದರಿಂದ ಪುಟ್ಟ ಮಕ್ಕಳಿಗೆ ಕೊಡಬೇಡಿ.

ಬಟ್ಟೆಬರೆ

ಐದು ದಿನಕ್ಕೆ ಒಂದು ಮಗುವಿಗೆ ಆರು ಜೊತೆ ಸಾಕು. ತುಂಬುತೋಳಿನ ತೆಳು ಹತ್ತಿ ಅಂಗಿಯೇ ಉತ್ತಮ, ಬಿಳಿ ಮರಳಿನ ಮೇಲೆ ಬಿಸಿಲು ಎರಡು ಪಟ್ಟು ಸುಡುತ್ತದೆ. ಕಟ್ಟುವ ದಾರವಿರುವ ಟೋಪಿ ತನ್ನಿ, ದಾರವಿಲ್ಲದ್ದನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ. ರಾತ್ರಿ ಹಡಗಿನ ಏಸಿ ಕೋಣೆಯಲ್ಲಿ ಚಳಿ, ಒಂದು ಸ್ವೆಟರು, ಕಾಲುಚೀಲ ಇರಲಿ. ಒಂದೊಂದು ದಿನದ ಬಟ್ಟೆಯನ್ನು ಒಳ ಉಡುಪಿನ ಸಮೇತ ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ, ಇಕ್ಕಟ್ಟಿನ ಕೋಣೆಯಲ್ಲಿ ಪೆಟ್ಟಿಗೆ ಕೆದಕುವುದು ತಪ್ಪುತ್ತದೆ. ಖಾಲಿಯಾದ ಚೀಲ ಒದ್ದೆ ಬಟ್ಟೆಗೆ ಆಗುತ್ತದೆ. ಲಕ್ಷದ್ವೀಪದ ಜನ ಸಂಪ್ರದಾಯಸ್ಥರು, ಹೆಚ್ಚಿನವರು ಮುಸ್ಲಿಮರು. ನಾವೂ ಮೈತುಂಬ ಬಟ್ಟೆ ತೊಟ್ಟರೆ ಅವರಿಗೂ ಸಂತೋಷ.

ಹಡಗು ಹತ್ತಿದ ಮೊದಲ ಗಂಟೆ

ಪೆಟ್ಟಿಗೆ ಬಿಚ್ಚುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಲೈಫ್ ಜಾಕೆಟ್ ಎಲ್ಲಿದೆ, ಮಕ್ಕಳ ಅಳತೆಯದು ಇದೆಯೇ ಎಂದು ಕೇಳಿ ಕಣ್ಣಾರೆ ನೋಡಿ. ದೊಡ್ಡವರ ಜಾಕೆಟ್ಟು ಮಗುವಿನ ತಲೆಯ ಮೇಲಿಂದ ಜಾರಿಹೋಗುತ್ತದೆ. ಸಂಕೋಚ ಬೇಡ, “ಮಗೂಗೆ ಆಗೋದು ಕೊಡಿ” ಅಂತ ಕೇಳಿ ಪಡೆಯಿರಿ. ಏಳು ಚಿಕ್ಕ ಸಿಳ್ಳು, ಕೊನೆಗೊಂದು ಉದ್ದ ಸಿಳ್ಳು ಕೇಳಿದರೆ ಅಪಾಯದ ಸೂಚನೆ. ಎಲ್ಲರೂ ಗೊತ್ತಾದ ಜಾಗದಲ್ಲಿ ಸೇರಬೇಕು. ಇದು ಎಲ್ಲ ದೇಶದ ಹಡಗಿಗೂ ಒಂದೇ ನಿಯಮ. ಮಕ್ಕಳಿಗೆ ಇದನ್ನು ಆಟದ ಹಾಗೆ ಕಲಿಸಿ. ಮೇಲಿನ ಹಾಸಿಗೆಯಲ್ಲಿ ಪುಟ್ಟವರನ್ನು ಮಲಗಿಸಬೇಡಿ. ಕಂಬಿಯ ಹತ್ತಿರ ಕುರ್ಚಿಯೋ ಪೆಟ್ಟಿಗೆಯೋ ಇದ್ದರೆ ಸರಿಸಿಬಿಡಿ, ಹತ್ತಿ ನಿಲ್ಲುವುದು ಮಕ್ಕಳ ಗುಣ. ಮಾತು ಬಾರದ ಕೂಸಿನ ಅಂಗಿಯ ಒಳಗೆ ಹೆಸರು, ಕೋಣೆಯ ನಂಬರು, ನಿಮ್ಮ ಫೋನ್ ನಂಬರು ಬರೆದ ಬಟ್ಟೆ ತುಂಡು ಹೊಲಿಯಿರಿ.

ನೀರು, ಕಸ, ಹವಳ

ದ್ವೀಪಗಳಲ್ಲಿ ಹೊಳೆಯಿಲ್ಲ. ಮರಳಿನ ಕೆಳಗೆ ಮಳೆನೀರಿನ ತೆಳು ಪದರ, ಅದೇ ಬಾವಿಯ ನೀರು. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಕಟ್ಟಿದ್ದು ಈ ಕೊರತೆಗಾಗಿಯೇ. ಆದ್ದರಿಂದ ಮಕ್ಕಳ ಬಾಟಲಿಯನ್ನು ಹಡಗಿನಲ್ಲೇ ತುಂಬಿಸಿಕೊಳ್ಳಿ. ಮುಗಿದ ಡೈಪರ್, ಬಿಸ್ಕತ್ತಿನ ಕಾಗದವನ್ನು ಗಂಟು ಕಟ್ಟಿ ವಾಪಸು ತನ್ನಿ. ಪುಟ್ಟ ದ್ವೀಪದಲ್ಲಿ ಎಸೆಯಲು ಜಾಗವೆಲ್ಲಿ? ಮಕ್ಕಳು ಹವಳದ ಚೂರನ್ನು ಜೇಬಿಗೆ ಹಾಕಿಕೊಳ್ಳದಂತೆಯೂ ನೋಡಿಕೊಳ್ಳಿ, ಅದನ್ನು ತರುವುದು ಕಾನೂನಿನ ಪ್ರಕಾರ ಅಪರಾಧ.

ಹೊತ್ತು ಹೋಗಲು

ನಡುಸಮುದ್ರದಲ್ಲಿ ಮೊಬೈಲಿಗೆ ಸಿಗ್ನಲ್ಲು ಸಿಗುವುದಿಲ್ಲ. ಚೌಕಾಬಾರದ ಮನೆ ಬರೆದ ಬಟ್ಟೆ, ನಾಲ್ಕು ಕವಡೆ, ಬಣ್ಣದ ಪೆನ್ಸಿಲ್ಲು ಇದ್ದರೆ ಸಾಕು. ನಮ್ಮ ಚೌಕಾಬಾರಕ್ಕೆ ಎರಡನೆಯ ಸಂಜೆ ಪಕ್ಕದ ಕೋಣೆಯ ಮಲಯಾಳಿ ಮಕ್ಕಳೂ ಬಂದು ಕೂತರು. ಭಾಷೆ ಬಾರದಿದ್ದರೂ ಕಾಯಿ ಕಡಿಯುವುದು ಎಲ್ಲರಿಗೂ ಬಂತು!

ಬೆನ್ನುಚೀಲದ ಪಟ್ಟಿ (ಕತ್ತರಿಸಿ ಇಟ್ಟುಕೊಳ್ಳಿ)

ಕಾಗದಪತ್ರದ ಲಕೋಟೆ. ಔಷಧಿ, ಒಆರ್‌ಎಸ್, ಚಮಚ. ಒಂದು ಮಗುವಿಗೆ ಒಂದು ನೀರಿನ ಬಾಟಲಿ. ಒಣ ತಿಂಡಿ. ಒಂದೊಂದು ಜೊತೆ ಬಟ್ಟೆ, ತೆಳು ಟವೆಲು. ಟೋಪಿ. ವಾಂತಿಗೆ ನಾಲ್ಕು ಗಟ್ಟಿ ಕವರು. ಕೂಸಿನ ಡೈಪರ್. ಪಿನ್ನು, ದಾರ. ಇಷ್ಟೇ. ಚೀಲ ಹೊತ್ತು ಮನೆಯ ಮೆಟ್ಟಿಲನ್ನು ಮಗುವನ್ನೆತ್ತಿಕೊಂಡು ಎರಡು ಸಲ ಹತ್ತಿ ಇಳಿದು ನೋಡಿ. ಏದುಸಿರು ಬಂದರೆ ಏನನ್ನಾದರೂ ತೆಗೆಯಿರಿ.

ಇನ್ನೊಂದು ಮಾತು. ಯಾವ ಸಾಮಾನು ಎಲ್ಲಿದೆ ಅಂತ ನಿಮಗೊಬ್ಬರಿಗೇ ಗೊತ್ತಿದ್ದರೆ ಪ್ರವಾಸಪೂರ್ತಿ “ಅಮ್ಮಾ, ಅದೆಲ್ಲಿ? ಏ, ಇದೆಲ್ಲಿ?” ಎಂಬ ಕೂಗು ತಪ್ಪುವುದಿಲ್ಲ. ಪೆಟ್ಟಿಗೆ ಕಟ್ಟುವಾಗ ಯಜಮಾನರನ್ನೂ ದೊಡ್ಡ ಮಕ್ಕಳನ್ನೂ ಕೂರಿಸಿಕೊಳ್ಳಿ. ಔಷಧಿಯ ಅಳತೆ ಅವರಿಗೂ ತಿಳಿದಿರಲಿ. ದಿನಕ್ಕೆ ಒಂದು ಗಂಟೆ ಮಕ್ಕಳ ಪಾರುಪತ್ಯ ಅವರದ್ದು ಅಂತ ಮನೆಯಲ್ಲೇ ಗೊತ್ತುಮಾಡಿಕೊಂಡು ಹೊರಡಿ. ಆ ಒಂದು ಗಂಟೆ ಮೇಲೆ ಹೋಗಿ ಕಂಬಿ ಹಿಡಿದು ನಿಂತು, ನೀವೂ ಸಮುದ್ರ ನೋಡಿ ಬನ್ನಿ.