ಪಟ್ಟೆಗಳು ನುಡಿಯುವ ಸಾಕ್ಷ್ಯ

ಇಬ್ಬರು ಬಾಲಕರ ರಕ್ತವನ್ನು ಎರಡು ಗಾಜಿನ ನಳಿಕೆಗಳಲ್ಲಿ ತುಂಬಿ ನಿಮ್ಮ ಮುಂದಿಟ್ಟರೆ ಅವುಗಳಲ್ಲಿ ನೀವು ಯಾವ ಭೇದವನ್ನೂ ಕಾಣಲಾರಿರಿ. ಎರಡೂ ಒಂದೇ ಕೆಂಪು. ಆದರೆ ಅವರಲ್ಲಿ ಒಬ್ಬನು ಆಟದಲ್ಲಿ ಬಹುಬೇಗ ದಣಿಯುತ್ತಾನೆ. ಆಗಾಗ ಕೈಕಾಲುಗಳಲ್ಲಿ ತಡೆಯಲಾರದ ನೋವಿನಿಂದ ನರಳುತ್ತಾನೆ. ಈ ವ್ಯತ್ಯಾಸದ ಮೂಲ ಆ ಕೆಂಪು ಬಣ್ಣದಲ್ಲಿಯೇ ಅಡಗಿದೆ. ಅದನ್ನು ಕಂಡುಹಿಡಿಯುವುದು ಹೇಗೆ?

1910ರಲ್ಲಿ ಅಮೆರಿಕದ ಷಿಕಾಗೊ ನಗರದ ವೈದ್ಯ ಜೇಮ್ಸ್ ಹೆರಿಕ್ ಅವರು ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿದ್ದ ಸಂಗತಿಯನ್ನು ಪ್ರಕಟಿಸಿದರು. ಆರೋಗ್ಯವಂತರ ಕೆಂಪು ರಕ್ತಕಣ ದುಂಡಾದ ಬಿಲ್ಲೆಯಂತಿದ್ದು ಸೂಕ್ಷ್ಮ ನಾಳಗಳಲ್ಲಿಯೂ ಸುಲಭವಾಗಿ ನುಸುಳುತ್ತದೆ. ಬಾಗಿದ ಕಣಗಳಾದರೋ ಅಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನು ತಡೆಯುತ್ತವೆ. ನೋವಿಗೆ ಇದೇ ಕಾರಣ. ಆದರೆ ಕಣವೇಕೆ ಬಾಗುತ್ತದೆಂಬುದು ಬಹುಕಾಲ ಒಗಟಾಗಿಯೇ ಉಳಿಯಿತು. ಸೂಕ್ಷ್ಮದರ್ಶಕ ಬಾಗಿದ ಕಣವನ್ನು ತೋರಿಸಿತೇ ಹೊರತು ಬಾಗಿಸಿದ ಅಣುವನ್ನು ತೋರಿಸಲಿಲ್ಲ.

ಅಣುವನ್ನು ವಿಚಾರಿಸಲು ಬೇರೊಂದು ಉಪಾಯ ಬೇಕಾಯಿತು. ಪ್ರೋಟೀನುಗಳ ಅಣುಗಳು ಸಾಮಾನ್ಯವಾಗಿ ವಿದ್ಯುದಂಶವನ್ನು ಹೊತ್ತಿರುತ್ತವೆ. ಅವುಗಳ ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿದರೆ ಋಣ ವಿದ್ಯುದಂಶವುಳ್ಳ ಅಣುಗಳು ಧನ ಧ್ರುವದ ಕಡೆಗೂ, ಧನ ವಿದ್ಯುದಂಶವುಳ್ಳವು ಋಣ ಧ್ರುವದ ಕಡೆಗೂ ಚಲಿಸುತ್ತವೆ. ಇದನ್ನೇ ಎಲೆಕ್ಟ್ರೊಫೋರೆಸಿಸ್ ಎನ್ನುವರು. ಸ್ವೀಡನ್ ದೇಶದ ಆರ್ನೆ ಟಿಸೇಲಿಯಸ್ ಇದಕ್ಕೆ ತಕ್ಕ ಉಪಕರಣವನ್ನು ರೂಪಿಸಿ 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮರುವರ್ಷವೇ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ಈ ವಿಧಾನದಿಂದ ರೋಗಿಗಳ ಹೀಮೋಗ್ಲೋಬಿನನ್ನೂ ಆರೋಗ್ಯವಂತರ ಹೀಮೋಗ್ಲೋಬಿನನ್ನೂ ಪರೀಕ್ಷಿಸಿದರು. ಎರಡೂ ಒಂದೇ ರೀತಿಯಲ್ಲಿ ಚಲಿಸಲಿಲ್ಲ! ರೋಗ ಅಣುವಿನಲ್ಲಿಯೇ ಇದೆ ಎಂದು ಅವರು ಸಾರಿದರು. ಹೀಮೋಗ್ಲೋಬಿನ್ ಅಣುವಿನ ಬೀಟಾ ಸರಪಣಿಯಲ್ಲಿ 146 ಅಮೈನೋ ಆಮ್ಲಗಳಿವೆ. ರೋಗಿಗಳಲ್ಲಿ ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಇರುವುದೆಂಬುದು ಆಮೇಲೆ ತಿಳಿದುಬಂತು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಉಂಟು, ವ್ಯಾಲೀನಿಗೆ ಇಲ್ಲ. ಇಷ್ಟೇ ಭೇದ.

ಟಿಸೇಲಿಯಸರ ಉಪಕರಣದಲ್ಲಿ ಅಣುಗಳು ದ್ರವದಲ್ಲಿ ಚಲಿಸುತ್ತಿದ್ದುದರಿಂದ ಅವು ಸ್ಪಷ್ಟವಾದ ಪಟ್ಟೆಗಳಾಗಿ ನಿಲ್ಲುತ್ತಿರಲಿಲ್ಲ. ಈ ಕೊರತೆಯನ್ನು ನೀಗಿದ್ದು ಗಂಜಿ ಎಂದರೆ ನೀವು ನಕ್ಕೀರಿ. ಕೆನಡಾದಲ್ಲಿ ಸಂಶೋಧನೆ ನಡೆಸುತ್ತಿದ್ದ ಆಲಿವರ್ ಸ್ಮಿಥೀಸ್ ಅವರಿಗೆ, ಬಾಲ್ಯದಲ್ಲಿ ತಾಯಿ ಅಂಗಿಗಳಿಗೆ ಹಾಕುತ್ತಿದ್ದ ಗಂಜಿ ಆರಿದಾಗ ಹೆಪ್ಪುಗಟ್ಟುತ್ತಿದ್ದುದು ನೆನಪಾಯಿತು. ಅವರು ಆಲೂಗಡ್ಡೆಯ ಪಿಷ್ಟದಿಂದ ಅಂತಹ ಹೆಪ್ಪನ್ನು, ಎಂದರೆ ಜೆಲ್ಲನ್ನು, ಮಾಡಿ ಅದರಲ್ಲಿ ಪ್ರೋಟೀನುಗಳನ್ನು ಓಡಿಸಿ 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಗಸೆಬಟ್ಟೆಯ ನೆನಪೊಂದು ಪ್ರಯೋಗಶಾಲೆಗೆ ಬಂದು ಫಲಿಸಿದ ಈ ಬಗೆ ನನಗೆ ಬಹಳ ಮೆಚ್ಚಿಗೆಯಾದುದು.

ಜೆಲ್ಲಿನ ಅಂಚಿನಲ್ಲಿ ಸಣ್ಣ ಗುಳಿಗಳಿರುತ್ತವೆ. ಕ್ಷಾರಗುಣದ ದ್ರವದಲ್ಲಿ ಹೀಮೋಗ್ಲೋಬಿನ್ ಋಣ ವಿದ್ಯುದಂಶವನ್ನು ಹೊಂದಿ ಧನ ಧ್ರುವದತ್ತ ಸಾಗುತ್ತದೆ. ಸಾಮಾನ್ಯ ಹೀಮೋಗ್ಲೋಬಿನ್ 'ಎ' ಮುಂದೆ ಹೋದರೆ, ಕುಡುಗೋಲು ಕಣದ ಹೀಮೋಗ್ಲೋಬಿನ್ 'ಎಸ್' ಹಿಂದೆ ಉಳಿಯುತ್ತದೆ. ಆದರೆ ಪಟ್ಟೆಯ ಮೇಲೆ ಹೆಸರು ಬರೆದಿರುವುದಿಲ್ಲ. ಆದ್ದರಿಂದ ಪಕ್ಕದ ಗುಳಿಯಲ್ಲಿ ನಮಗೆ ಮೊದಲೇ ತಿಳಿದಿರುವ ಎ ಮತ್ತು ಎಸ್‌ಗಳನ್ನು ಹಾಕಿ ಜೊತೆಯಲ್ಲಿಯೇ ಓಡಿಸಬೇಕು. ತಿಳಿದುದರ ಪಕ್ಕದಲ್ಲಿ ನಿಂತಾಗಲೇ ತಿಳಿಯದುದಕ್ಕೆ ಗುರುತು.

ಈ ಗುರುತಿನಲ್ಲಿಯೂ ಮೋಸ ಹೋಗುವ ಸಂಭವವುಂಟು. ಭಾರತದಲ್ಲಿ ಕಂಡುಬರುವ ಹೀಮೋಗ್ಲೋಬಿನ್ 'ಡಿ' ಎಂಬ ಇನ್ನೊಂದು ಬಗೆಯು ಕ್ಷಾರ ದ್ರವದಲ್ಲಿ ಎಸ್ ನಿಂತ ಸ್ಥಳದಲ್ಲಿಯೇ ನಿಲ್ಲುತ್ತದೆ. ಆಮ್ಲಗುಣದ ಜೆಲ್ಲಿನಲ್ಲಿ ಮತ್ತೊಮ್ಮೆ ಓಡಿಸಿದರೆ ಎರಡೂ ಬೇರೆಯಾಗುತ್ತವೆ. ಒಂದೇ ಪಟ್ಟೆಯನ್ನು ನೋಡಿ ತೀರ್ಪು ಕೊಡುವ ಆತುರ ಇಲ್ಲಿ ಸಲ್ಲದು.

ಡಿ.ಎನ್.ಎ. ವಿಷಯ ಸ್ವಲ್ಪ ಬೇರೆ. ಅದರ ತುಣುಕುಗಳೆಲ್ಲವೂ ಋಣ ವಿದ್ಯುದಂಶವುಳ್ಳವು; ಆದ್ದರಿಂದ ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತವೆ. ತೇರಿನ ಜನಸಂದಣಿಯಲ್ಲಿ ಚಿಕ್ಕ ಹುಡುಗರು ನುಸುಳಿ ಮುಂದೆ ಹೋಗುವಂತೆ, ಜೆಲ್ಲಿನ ರಂಧ್ರಗಳಲ್ಲಿ ಗಿಡ್ಡ ತುಣುಕುಗಳು ಮುಂದೆ ಹೋಗುತ್ತವೆ. ಉದ್ದನೆಯವು ಹಿಂದೆ ಬೀಳುತ್ತವೆ. 1982ರಲ್ಲಿ ವಿಜ್ಞಾನಿಗಳು ಡಿ.ಎನ್.ಎ.ಯನ್ನು ನಿರ್ದಿಷ್ಟ ಸ್ಥಳಗಳಲ್ಲಿ ಕತ್ತರಿಸುವ ಕಿಣ್ವವೊಂದನ್ನು ಈ ರೋಗದ ಪತ್ತೆಗೆ ಬಳಸಿದರು. ದೋಷವಿರುವ ಜೀನಿನಲ್ಲಿ ಕಿಣ್ವ ಕತ್ತರಿಸಬೇಕಾದ ಸ್ಥಳವೇ ಅಳಿದಿರುತ್ತದೆ. ಆದಕಾರಣ ಸುಮಾರು 1150 ಘಟಕಗಳ ತುಣುಕಿನ ಬದಲು 1350 ಘಟಕಗಳ ಉದ್ದನೆಯ ತುಣುಕು ಉಳಿದು, ಪಟ್ಟೆ ಹಿಂದೆ ನಿಲ್ಲುತ್ತದೆ. ಹುಟ್ಟುವ ಮೊದಲೇ ಮಗುವಿನ ಸ್ಥಿತಿಯನ್ನು ತಿಳಿಯಲು ಇದರಿಂದ ಅನುಕೂಲವಾಯಿತು.

ಇದು ದೂರದೇಶದ ಸಂಗತಿಯೆಂದು ತಿಳಿಯಬೇಡಿ. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ಲಕ್ಷಣ ಇರುವುದು 1952ರಲ್ಲಿಯೇ ಪ್ರಕಟವಾಯಿತು. ಈ ರೋಗದ ನಿರ್ಮೂಲನೆಗಾಗಿ 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ರಕ್ತದ ಹನಿಯೊಂದು ದ್ರಾವಣದಲ್ಲಿ ಕರಗುವುದೋ ಕದಡುವುದೋ ಎಂದು ನೋಡುವ ಸುಲಭ ಪರೀಕ್ಷೆಯೊಂದುಂಟು. ಅದು ಎಸ್ ಇದೆಯೆಂದು ಹೇಳಬಲ್ಲುದು. ಎದುರಿಗಿರುವವನು ರೋಗಿಯೋ, ಕೇವಲ ವಾಹಕನೋ ಎಂಬುದನ್ನು ಹೇಳಲಾರದು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಜೀನನ್ನು ಪಡೆದವನು ವಾಹಕ; ಅವನು ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತಾನೆ. ಅವನನ್ನು ರೋಗಿಯೆಂದು ಕರೆದರೆ ಅನ್ಯಾಯವಾದೀತು. ಆದರೆ ವಾಹಕರಿಬ್ಬರು ಮದುವೆಯಾದರೆ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಆಗ ಜೆಲ್ಲಿನ ಮುಂದೆ ಬಂದು ನಿಲ್ಲಬೇಕಾಗುತ್ತದೆ. ವಾಹಕನ ಸಾಲಿನಲ್ಲಿ ಎ ಮತ್ತು ಎಸ್ ಎರಡು ಪಟ್ಟೆಗಳೂ ಕಾಣುತ್ತವೆ. ಇಬ್ಬರಿಂದಲೂ ದೋಷವನ್ನು ಪಡೆದ ಬಾಲಕನ ಸಾಲಿನಲ್ಲಿ ಎಸ್ ಪಟ್ಟೆ ಇದ್ದು, ಎ ನಿಲ್ಲಬೇಕಾಗಿದ್ದ ಜಾಗ ಬರಿದಾಗಿರುತ್ತದೆ.